ಐದನೇ ಸೀಟಿಗೆ ಜನ ಇಲ್ಲ

ನಮ್ಮ ಕ್ಲಬ್ಬಿನ ದೊಡ್ಡ ದೋಣಿಗೆ ಐದು ಜನ ಬೇಕು. ಹುಟ್ಟು ಹಾಕಲು ನಾಲ್ವರು, ದಾರಿ ನೋಡಿ ಕೂಗಲು ಒಬ್ಬರು. ರೋಯಿಂಗ್‌ನಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಹಾಗಾಗಿ ಆ ಐದನೆಯವರು, ಅಂದರೆ ಕಾಕ್ಸ್, ಬರದಿದ್ದರೆ ಈ ದೋಣಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವುದೇ ಇಲ್ಲ. ಮೊನ್ನೆ ಲಾಗ್ ಬುಕ್ ತೆಗೆದು ಎಣಿಸಿದೆ. ಕಳೆದ ಒಂದು ವರ್ಷದಲ್ಲಿ ಅದು ನೀರು ಕಂಡದ್ದು 11 ಸಲ. ಬಾಕಿ ದಿನ ಬೆಳಿಗ್ಗೆ ಆರಕ್ಕೆ ನಾಲ್ವರು ಬರುತ್ತೇವೆ, ಐದನೆಯವರಿಗೆ ಫೋನ್ ಮಾಡುತ್ತೇವೆ, "ಇಲ್ಲ ಮಾರಾಯ್ತಿ, ಇವತ್ತು ಮಗನಿಗೆ ಪರೀಕ್ಷೆ" ಅನ್ನುವುದನ್ನು ಕೇಳಿ ಸಣ್ಣ ದೋಣಿ ಇಳಿಸುತ್ತೇವೆ. 13 ಮೀಟರ್ ಉದ್ದದ ಆ ದೊಡ್ಡದು ಸ್ಟ್ಯಾಂಡಿನ ಮೇಲೆ ಬೋರಲು ಮಲಗಿರುತ್ತದೆ. ಅದರ ಹೊಟ್ಟೆಯ ಮೇಲೆ ಪಾರಿವಾಳದ ಹಿಕ್ಕೆ.

ಕಾರವಾರದಲ್ಲಿ ರೋಯಿಂಗ್ ಕ್ಲಬ್ ಅಂದರೆ ಜನ ಮೊದಲು ನಗುತ್ತಾರೆ. ದೋಣಿ ನಡೆಸುವುದನ್ನು ದುಡ್ಡು ಕೊಟ್ಟು ಕಲಿಯಬೇಕಾ ಅಂತ. ನಗಲಿ ಬಿಡಿ. ಕಲ್ಕತ್ತಾದ ಕ್ಲಬ್ 1858ರದ್ದು, ಮದ್ರಾಸಿನದ್ದು 1867ರದ್ದು. ಅವುಗಳ ಮುಂದೆ ಕೋಡಿಬಾಗದ ನಮ್ಮ ಶೆಡ್ಡು ಇನ್ನೂ ತೊಟ್ಟಿಲ ಕೂಸು. ಆಸ್ತಿ ಅಂತ ಇರುವುದು ಆ ದೊಡ್ಡದು, ಇಬ್ಬರು ಕೂರುವ ಒಂದು ಡಬಲ್, ಒಬ್ಬರೇ ಕೂರುವ ಎರಡು ಸಿಂಗಲ್, ಎಲ್ಲ ಸೆಕೆಂಡ್ ಹ್ಯಾಂಡ್. ಜೊತೆಗೆ ಚೈನ್ ತುಕ್ಕು ಹಿಡಿದ ಒಂದು ಎರ್ಗ್ ಮಷೀನು, ಅಂದರೆ ನೆಲದ ಮೇಲೆ ಕೂತು ಹುಟ್ಟು ಎಳೆಯುವ ಅಭ್ಯಾಸ ಮಾಡುವ ಯಂತ್ರ. ಪುಸ್ತಕದಲ್ಲಿ 38 ಸದಸ್ಯರು, ಚಂದಾ ಕಟ್ಟುವವರು 17, ನಿಜವಾಗಿ ನೀರಿಗಿಳಿಯುವವರು 9. ಇದು ಟ್ರಾನ್ಸ್‌ಫರ್ ಊರು. ನೌಕಾನೆಲೆಯವರು, ಕೈಗಾದವರು, ಬ್ಯಾಂಕಿನವರು ಬರುತ್ತಾರೆ, ಎರಡು ವರ್ಷದಲ್ಲಿ ಚೆನ್ನಾಗಿ ಕಲಿಯುತ್ತಾರೆ, ಮೂರನೇ ವರ್ಷ ಆರ್ಡರ್ ಬರುತ್ತದೆ, ಒಂದು ಡಬ್ಬಿ ಪೇಡಾ ಕೊಟ್ಟು ಹೋಗುತ್ತಾರೆ. ನಾನು ಕಾರ್ಯದರ್ಶಿ. ಅಂದರೆ ಬೀಗ ತೆಗೆಯುವವಳು, ದೋಣಿ ತೊಳೆಯುವವಳು, ಆಡಿಟ್ ಮಾಡಿಸುವವಳು, ಚಂದಾ ಕೇಳಿ ಬೈಸಿಕೊಳ್ಳುವವಳು.

ನದಿಯ ಆಚೆ, ಸದಾಶಿವಗಡದ ಕಡೆ, ಇನ್ನೊಂದು ಕ್ಲಬ್ ಇದೆ. ನಮಗಿಂತ ಚಿಕ್ಕದು. ನಿವೃತ್ತ ಪಿಟಿ ಮಾಸ್ತರೊಬ್ಬರು ನಡೆಸುತ್ತಾರೆ. ಅವರಿಗೆ ಶೆಡ್ಡಿಲ್ಲ, ಎರಡು ಕೋಸ್ಟಲ್ ಡಬಲ್‌ಗಳು, ಅಂದರೆ ಸಮುದ್ರಕ್ಕೆ ಇಳಿಸುವ ಡಬಲ್‌ಗಳು, ತೆಂಗಿನ ತೋಟದಲ್ಲಿ ತಾಡಪಾಲಿನ ಕೆಳಗೆ ಇರುತ್ತವೆ. ಆದರೆ ಅವರ ಹತ್ತಿರ ಲಾಂಚ್, ಅಂದರೆ ಇಂಜಿನ್ ದೋಣಿ, ಇದೆ, ನಮ್ಮ ಹತ್ತಿರ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಹನ್ನೆರಡು ಹದಿನೈದು ಮಕ್ಕಳು ಬರುತ್ತಾರೆ, ಹೆಚ್ಚಿನವರು ಮೀನುಗಾರರ ಮನೆಯವರು. ಇಷ್ಟು ವರ್ಷ ನಾವೂ ಅವರೂ ದೂರದಿಂದ ಕೈ ಬೀಸಿ ಸುಮ್ಮನಾಗುತ್ತಿದ್ದೆವು. ಒಳಗೊಳಗೆ ಸ್ವಲ್ಪ ಬಿಗುಮಾನವೂ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ಈಗ ವಿಲೀನದ ಮಾತು ಬಂದಿದೆ. ಯಾಕೆ ಬಂತು ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪು ಹೇಳಬೇಕು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೇ ಸೇತುವೆ ಬಿತ್ತಲ್ಲ, ಅವತ್ತಿನಿಂದ ಸೇತುವೆಯ ಹತ್ತಿರದ ನೀರು ನಮಗೆ ಗೊತ್ತಿದ್ದ ನೀರಾಗಿ ಉಳಿಯಲಿಲ್ಲ. ನೀರಲ್ಲಿ ಏನು ಬಿದ್ದಿದೆ, ಎಲ್ಲಿ ಮರಳು ಕೂತಿದೆ ಅಂತ ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ನಾವು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆವು. ಆಮೇಲೆ ಒಂದು ಸೆಪ್ಟೆಂಬರ್, ಮಳೆ ಕಡಿಮೆಯಾಗಿ ಬಿಸಿಲು ಬಿದ್ದ ಬೆಳಿಗ್ಗೆ, ಇಬ್ಬರು ಹೊಸಬರನ್ನು ಡಬಲ್‌ನಲ್ಲಿ ಕಳಿಸಿದೆ. ಇಳಿತ ಶುರುವಾಗಿ ಎರಡು ತಾಸಾಗಿತ್ತು. ಮೇಲೆ ಘಟ್ಟದಲ್ಲಿ ಮಳೆ ನಿಂತಿರಲಿಲ್ಲ, ಹೊಳೆ ಕೆಂಪಗೆ ತುಂಬಿ ಬರುತ್ತಿತ್ತು. ಇಳಿತದ ಎಳೆತ, ಅದರ ಮೇಲೆ ಹೊಳೆಯ ನೀರು, ಎರಡೂ ಸೇರಿದರೆ ಕಾಳಿ ಅಳಿವೆಯ ಕಡೆಗೆ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೂ "ಸ್ವಲ್ಪ ದೂರ ಹೋಗಿ ಬನ್ನಿ" ಅಂದೆ. ಅವರು ತಿರುಗಿಸುವಾಗ ದೋಣಿ ಅಡ್ಡವಾಯಿತು, ಒಂದು ಹುಟ್ಟು ನೀರಲ್ಲಿ ಸಿಕ್ಕಿಕೊಂಡಿತು, ಮಗುಚಿತು.

ಮಗುಚಿದರೆ ದೋಣಿ ಬಿಡಬಾರದು, ದಡ ಎಷ್ಟೇ ಹತ್ತಿರ ಕಂಡರೂ ಈಜಲು ಹೋಗಬಾರದು. ಮೊದಲ ದಿನ ಕಲಿಸುವುದೇ ಅದು, ಯಾಕೆಂದರೆ ದೋಣಿ ಮುಳುಗುವುದಿಲ್ಲ, ಮನುಷ್ಯ ಸುಸ್ತಾಗುತ್ತಾನೆ. ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹಿಡಿದುಕೊಂಡೇ ಸಮುದ್ರದ ಕಡೆ ತೇಲಿ ಹೋಗುತ್ತಿದ್ದರು. ನಾನು ದಡದಲ್ಲಿ ನಿಂತು ಗೊತ್ತಿದ್ದ ಮೀನುಗಾರರಿಗೆಲ್ಲ ಫೋನ್ ಮಾಡುತ್ತಿದ್ದೆ, ಒಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಆಚೆ ದಡದಿಂದ ಇಂಜಿನ್ ಸದ್ದು. ಮಾಸ್ತರರು ಲುಂಗಿ ಮೇಲೆ ಕಟ್ಟಿಕೊಂಡೇ ಬಂದಿದ್ದರು. ಇಬ್ಬರನ್ನೂ ಎತ್ತಿ, ಡಬಲ್‌ಗೆ ಹಗ್ಗ ಕಟ್ಟಿ, ನಮ್ಮ ದಡಕ್ಕೆ ತಂದು ಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ಎಂತ ಆಯ್ತು ತಂಗಿ, ಲಾಂಚ್ ಇಲ್ದೆ ಹೊಸಬರನ್ನ ಬಿಟ್ಟೆಯಾ?" ಅಂತ ಒಂದೇ ಮಾತು ಕೇಳಿ, ಚಹಾವನ್ನೂ ಕುಡಿಯದೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಲೆಕ್ಕ ಅವತ್ತೇ ಸ್ಪಷ್ಟವಾಯಿತು. ಶೆಡ್ಡು ನಮ್ಮದು, ಲಾಂಚ್ ಅವರದು. ದೊಡ್ಡ ದೋಣಿ ನಮ್ಮದು, ಅದರಲ್ಲಿ ಕೂರುವ ಜನ ಅವರವರು. ಚಿಕ್ಕ ಮಗುವಿಗೂ ಅರ್ಥವಾಗುವ ಲೆಕ್ಕ. ಮೊದಲ ಮಾತುಕತೆಯಲ್ಲಿ ಬನ್ಸ್ ಭಾಜಿ ತಿನ್ನುತ್ತಾ ಎಲ್ಲರೂ ಹೌದು ಹೌದು ಅಂದರು. ಎರಡನೇ ಮಾತುಕತೆಯಲ್ಲಿ ಹೆಸರಿನ ವಿಷಯ ಬಂತು.

ಹೆಸರು ಅಂದರೆ ಪ್ರತಿಷ್ಠೆ ಅಂತ ನಾನೂ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ನಮ್ಮ ಶೆಡ್ಡು ನಿಂತಿರುವುದು ಸರ್ಕಾರಿ ಜಾಗದಲ್ಲಿ, ಅನುಮತಿ ಪತ್ರ ನಮ್ಮ ಸಂಘದ ಹೆಸರಲ್ಲಿ, ಪ್ರತಿ ವರ್ಷ ನವೀಕರಣ. ಎರಡೂ ಸಂಘ ಹೋಗಿ ಮೂರನೆಯದೊಂದು ಹುಟ್ಟಿದರೆ ಆ ಪತ್ರಕ್ಕೆ ಮತ್ತೆ ಮೊದಲಿನಿಂದ ಅರ್ಜಿ. ಮೊದಲ ಸಲ ಅದನ್ನು ಪಡೆಯಲು ಎಷ್ಟು ಮೆಟ್ಟಿಲು ಹತ್ತಿದ್ದೇನೆ ಅಂತ ನನ್ನ ಮಂಡಿಗೆ ಗೊತ್ತು. ಹಾಗಾಗಿ ಸುಲಭದ ದಾರಿ ಅಂದರೆ ನಮ್ಮ ಸಂಘ ಉಳಿದು, ಅವರದು ಬಂದು ಇದರೊಳಗೆ ಸೇರುವುದು. ಇದನ್ನು ಹೇಳಿದ ಕೂಡಲೇ ಅವರ ಕಡೆಯ ಒಬ್ಬರು, "ಇದು ಸೇರೂದಲ್ಲ ಅಕ್ಕಾ, ನುಂಗೂದು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು.

ಎರಡೂ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ಸೇರಬೇಕಾದರೆ ಎರಡೂ ಕಡೆ ಸರ್ವಸದಸ್ಯರ ಸಭೆ ಕರೆದು ನಿರ್ಣಯ ಮಾಡಿ ನೋಂದಣಿ ಕಚೇರಿಗೆ ಕಾಗದ ಕೊಡಬೇಕು. ಸಂಘ ಮುಚ್ಚಿದರೂ ಅದರ ಆಸ್ತಿಯನ್ನು ಸದಸ್ಯರು ಹಂಚಿಕೊಂಡು ಮನೆಗೆ ಒಯ್ಯುವಂತಿಲ್ಲ. ಇದನ್ನು ನಮ್ಮ ಒಬ್ಬ ಹಿರಿಯ ಸದಸ್ಯರಿಗೆ ಮೂರು ಸಲ ವಿವರಿಸಿದೆ. ತಾನು ಕೊಡಿಸಿದ ಸಿಂಗಲ್ ತನ್ನದೇ ಅಂತ ಅವರು ಇಷ್ಟು ವರ್ಷ ನಂಬಿದ್ದರು, ಪಾಪ.

ಇದಕ್ಕಿಂತ ಜಾಸ್ತಿ ಬಿಸಿಯಾದದ್ದು ಚಂದಾ. ನಮ್ಮದು ತಿಂಗಳಿಗೆ 300, ಅವರದು 150, ಮೀನುಗಾರರ ಮಕ್ಕಳಿಗೆ ಪೂರ್ತಿ ಉಚಿತ. ನಮ್ಮ ಖಜಾಂಚಿ ಕೇಳಿದರು, ಹುಟ್ಟುವಾಗಲೇ ನೀರು ಗೊತ್ತಿರುವ ಮಕ್ಕಳಿಗೆ ನಾವು ಪುಕ್ಕಟೆ ಏನು ಕಲಿಸುವುದು, ಅಂತ. ನಾನು ದತ್ತು ಭೋಕನಾಳ್ ಕಥೆ ತೆಗೆದೆ. ನಾಸಿಕ್ ಜಿಲ್ಲೆಯ ಬರದ ಊರಿನ ಹುಡುಗ, ಬಾವಿ ತೋಡುವ ಕೆಲಸದ ಮನೆ, ಸೈನ್ಯಕ್ಕೆ ಸೇರಿದ ಮೇಲೆ ರೋಯಿಂಗ್ ಕಲಿತು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ತಂದವನು. ನೀರಿಲ್ಲದ ಊರಿನವನು ಅಲ್ಲಿ ಮುಟ್ಟಿದ. ನಮ್ಮ ಬಾಗಿಲಲ್ಲೇ ಹೊಳೆ, ಸಮುದ್ರ ಎರಡೂ ಇವೆ, ನಾವು ಐದನೇ ಸೀಟಿಗೆ ಜನ ಹುಡುಕುತ್ತಾ ಕೂತಿದ್ದೇವೆ. ಖಜಾಂಚಿ ಸುಮ್ಮನಾದರು. ಒಪ್ಪಿದರು ಅಂತಲ್ಲ, ಚಹಾ ಬಂತು.

ಮಾಸ್ತರರ ಹಠ ಬೇರೆಯೇ. ಅವರಿಗೆ ಹೊಳೆಯಲ್ಲಿ ಆಸಕ್ತಿ ಕಡಿಮೆ, ಅಳಿವೆ ದಾಟಿ ಹೋಗಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೀಚ್ ಸ್ಪ್ರಿಂಟ್ ಮೊದಲ ಸಲ ಬರುತ್ತಿದೆ. ದಡದಲ್ಲಿ ಓಡಿ ಬಂದು ದೋಣಿ ಹತ್ತಬೇಕು, ನೀರಲ್ಲಿ ತೇಲುವ ಬೋಯಾ ಗುರುತುಗಳ ಮಧ್ಯೆ ಹಾವಿನ ಹಾಗೆ 250 ಮೀಟರ್ ಹೋಗಿ, ತಿರುಗಿ ನೇರ ವಾಪಸು ಬಂದು, ಹಾರಿ ಇಳಿದು ಮತ್ತೆ ಮರಳಲ್ಲಿ ಓಡಬೇಕು. ಇದಕ್ಕೆ ಬೇಕಾದದ್ದೆಲ್ಲ ದೇವಬಾಗದಲ್ಲಿ ದೇವರೇ ಇಟ್ಟಿದ್ದಾನೆ ಅಂತ ಅವರ ವಾದ. ಅವರ ದೋಣಿಗಳೂ ಹಾಗೇ ಇವೆ, ಅಗಲ, ಭಾರ, ಒಂದು ಡಬಲ್ ಅಂದರೆ 60 ಕಿಲೋ, ಹಿಂದೆ ತೆರೆದಿರುತ್ತದೆ, ಒಳಗೆ ಬಂದ ನೀರು ತಾನೇ ಹೋಗುತ್ತದೆ. ನಮ್ಮ ಸಿಂಗಲ್ ಒಂದು ಅಡಿ ಅಗಲದ ಕಡ್ಡಿ, ಒಂದು ಅಲೆ ಬಂದರೆ ಮುಗಿಯಿತು. ನಮ್ಮವರಿಗೆ ಭಯ ಏನೆಂದರೆ, ಸೇರಿದ ಮೇಲೆ ದುಡ್ಡೆಲ್ಲ ಸಮುದ್ರದ ದೋಣಿಗೇ ಹೋಗುತ್ತದೆ, ಇವು ಮೂಲೆಗೆ ಬೀಳುತ್ತವೆ. ನನ್ನನ್ನು ಕೇಳಿದರೆ ಅವು ಈಗಲೇ ಮೂಲೆಯಲ್ಲಿವೆ.

ಕಾಗದ ಆಮೇಲೆ ನೋಡೋಣ, ಮೊದಲು ಒಟ್ಟಿಗೆ ಒಂದು ಸಲ ನೀರಿಗಿಳಿಯೋಣ ಅಂತ ಹೋದ ತಿಂಗಳ ಒಂದು ಭಾನುವಾರ ಕರೆದೆ. ಹಿಂದಿನ ಸಂಜೆ ಒಬ್ಬಳೇ ಕೂತು ದೊಡ್ಡ ದೋಣಿಯ ರಿಗ್ಗರ್, ಅಂದರೆ ಹುಟ್ಟನ್ನು ಹಿಡಿದಿಡುವ ಪಕ್ಕದ ಚೌಕಟ್ಟು, ಬಿಗಿದೆ. ಉಪ್ಪು ನೀರಿನ ಊರಲ್ಲಿ ಈ ಕೆಲಸ ಮಾಡಿದವರಿಗೆ ಗೊತ್ತು, ಅಲ್ಯೂಮಿನಿಯಂ ರಿಗ್ಗರಿನಲ್ಲಿ ಸ್ಟೀಲ್ ಬೋಲ್ಟು ಕಚ್ಚಿಕೊಂಡರೆ ಬಿಡುವುದಿಲ್ಲ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಗ್ರೀಸ್ ಹಚ್ಚಬೇಕು. ಇಳಿಯದ ದೋಣಿಗೆ ಯಾರು ಹಚ್ಚುತ್ತಾರೆ? ಮೂರನೇ ಸೀಟಿನ ಒಂದು ಬೋಲ್ಟಿಗೆ 10 ನಂಬರ್ ಸ್ಪ್ಯಾನರ್ ಹಾಕಿ ಮುಕ್ಕಾಲು ತಾಸು ಜಗ್ಗಿದೆ. ಕೊನೆಗೆ ತಲೆ ಮುರಿದು ಕೈಗೆ ಬಂತು. ಡಬಲ್‌ನ ಒಂದು ಬೋಲ್ಟ್ ಬಿಚ್ಚಿ ಹಾಕಿದೆ.

ಬೆಳಿಗ್ಗೆ ಸ್ಟ್ರೋಕ್ ಸೀಟಿನಲ್ಲಿ, ಅಂದರೆ ಉಳಿದವರಿಗೆ ತಾಳ ಹಾಕಿಕೊಡುವ ಸೀಟಿನಲ್ಲಿ, ನಾನು, ನನ್ನ ಹಿಂದೆ ಅವರ ಇಬ್ಬರು ಹುಡುಗರು, ತುದಿಯಲ್ಲಿ ನಮ್ಮ ನಿವೃತ್ತ ಬ್ಯಾಂಕ್ ಮ್ಯಾನೇಜರು. ಕಾಕ್ಸ್ ಆಗಿ ಅವರ ಒಂಬತ್ತನೇ ಕ್ಲಾಸಿನ ಹುಡುಗಿ. ಸ್ಪರ್ಧೆಯಲ್ಲಿ ಕಾಕ್ಸ್ ಕನಿಷ್ಠ 55 ಕಿಲೋ ತೂಗಬೇಕು, ಕಡಿಮೆಯಿದ್ದರೆ ದೋಣಿಯಲ್ಲಿ ಭಾರ ಇಡುತ್ತಾರೆ. ಇವಳು ಹೆಚ್ಚೆಂದರೆ 40. "ಹಾಗಾದ್ರೆ ಅಕ್ಕಾ, ಅಕ್ಕಿ ಚೀಲ ಹಿಡ್ಕೊಂಡು ಬರ್ಲಾ?" ಅಂದಳು.

ಮೊದಲ ಹತ್ತು ನಿಮಿಷ ನೋಡುವ ಹಾಗಿರಲಿಲ್ಲ. ಆ ಹುಡುಗರಿಗೆ ಎರಡು ಕೈಗೆ ಎರಡು ಹುಟ್ಟು ಅಭ್ಯಾಸ, ಇಲ್ಲಿ ಒಬ್ಬರಿಗೆ ಒಂದೇ. ಮೈ ಒಂದು ಕಡೆ ತಿರುಗಬೇಕು, ಅವರು ನೇರ ಕೂತು ತೋಳಲ್ಲೇ ಎಳೆಯುತ್ತಿದ್ದರು, ದೋಣಿ ಬಲಕ್ಕೆ ವಾಲಿ ವಾಲಿ ನನ್ನ ಬೆರಳಿನ ಗಿಣ್ಣು ಉಜ್ಜಿ ಹೋಯಿತು. ಹುಡುಗಿ ಸ್ವಲ್ಪ ಹೊತ್ತು ನಾನು ಹೇಳಿಕೊಟ್ಟ ಇಂಗ್ಲಿಷ್ ಮಾತುಗಳಲ್ಲೇ ಕೂಗಿದಳು. ಆಮೇಲೆ ಬೇಜಾರಾಗಿ "ವೋಡ್ ರೇ! ವೋಡ್!" ಅಂತ ಶುರು ಮಾಡಿದಳು. ಕೊಂಕಣಿಯಲ್ಲಿ ಎಳಿಯೋ ಅಂತ. ಅರವತ್ತೆರಡು ವರ್ಷದ ಮ್ಯಾನೇಜರಿಗೂ ಅದೇ "ರೇ". ಅವರು ಬಾಯಿ ಮುಚ್ಚಿ ಎಳೆದರು. ನಾಲ್ಕು ಹುಟ್ಟು ಒಟ್ಟಿಗೆ ನೀರಿಗೆ ಬೀಳುವ ಆ ಒಂದು ಸದ್ದು, ಟಪ್ ಅಂತ, ನಾನು ಕೇಳಿ ಎಷ್ಟು ತಿಂಗಳಾಗಿತ್ತೋ.

ಕಾಳಿಮಾತಾ ದ್ವೀಪದ ಹತ್ತಿರ ನಾನು ಯಾವಾಗಲೂ ಹಿಡಿಯುವ ದಾರಿ ಬಿಟ್ಟು ಅವಳು ಕಾಂಡ್ಲಾ ಗಿಡಗಳ ಕಡೆ ತಿರುಗಿಸಿದಳು. ಆ ಕಡೆ ಬೇಡ ಅಂದೆ. "ಇಲ್ಲ ಅಕ್ಕಾ, ಈ ಮಳೆಗಾಲ ಮರಳು ಅಲ್ಲಿಗೆ ಬಂದಿದೆ, ಪಪ್ಪ ಬಲೆ ಬಿಡುವಾಗ ನೋಡಿದ್ದೇನೆ" ಅಂದಳು. ಇಳಿತಕ್ಕೆ ವಾಪಸು ಬರುವಾಗ ನೋಡಿದರೆ ಹೌದು, ನನ್ನ ದಾರಿಯಲ್ಲಿ ಮರಳು ದಿಬ್ಬ ಬೆನ್ನು ತೋರಿಸಿಕೊಂಡು ಮಲಗಿತ್ತು, ಮೇಲೆ ನಾಲ್ಕು ಬೆಳ್ಳಕ್ಕಿ. ಎರಡು ವರ್ಷದ ಹಿಂದೆ ಇಂಥದ್ದೇ ದಿಬ್ಬಕ್ಕೆ ತಾಗಿಸಿ ದೋಣಿಯ ಅಡಿಯ ಫಿನ್ ಮುರಿದವಳು ನಾನೇ.

ಅವತ್ತಿನಿಂದ ನನ್ನ ಮಟ್ಟಿಗೆ ತೀರ್ಮಾನ ಆಗಿದೆ, ಸೇರಬೇಕು. ಆದರೆ ನುಂಗುವ ಹಾಗೆ ಅಲ್ಲ. ಕಾಗದದಲ್ಲಿ ನಮ್ಮ ಸಂಘ ಇರಲಿ, ಆ ಅನುಮತಿ ಪತ್ರ ಉಳಿಯಲಿ. ಸಮಿತಿಯಲ್ಲಿ ಅರ್ಧ ಸೀಟು ಅವರಿಗೆ, ಮಕ್ಕಳ ಚಂದಾ ಅವರ ನಿಯಮದಂತೆ. ಇವತ್ತು ನೀರಿಗೆ ಇಳಿಯಬಹುದೋ ಬೇಡವೋ ಅನ್ನುವ ಮಾತು ಮಾಸ್ತರರದ್ದು, ನನ್ನದಲ್ಲ. ಈ ಕೊನೆಯದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಬೀಗದ ಕೈ ಕೊಡುವುದಕ್ಕಿಂತ ಅದು ಕಷ್ಟ. ಹೆಸರು ಬದಲಾಯಿಸುವ ವಿಷಯ ಮುಂದಿನ ವರ್ಷಕ್ಕೆ ಇಟ್ಟಿದ್ದೇವೆ, ಅದಕ್ಕೆ ಜಗಳ ಆಡಲು ಆಗ ಟೈಮ್ ಸಿಗುತ್ತದೆ.

ಖಜಾಂಚಿ ಇನ್ನೂ ಒಪ್ಪಿಲ್ಲ. ಸಿಂಗಲ್ ಕೊಡಿಸಿದ ಹಿರಿಯರೂ ಒಪ್ಪಿಲ್ಲ, ಫೋನ್ ಮಾಡಿದರೆ ಹವಾಮಾನ ಮಾತಾಡುತ್ತಾರೆ. ಸರ್ವಸದಸ್ಯರ ಸಭೆ ಬರುವ ಭಾನುವಾರ ಇದೆ. ಬೇಕಂತಲೇ ಸಂಜೆ ನಾಲ್ಕಕ್ಕೆ ಇಟ್ಟಿದ್ದೇನೆ. ಆ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ, ಹೊಳೆ ತುಂಬ ಬಿಳಿ ನೊರೆ, ದೋಣಿ ಇಳಿಸಬೇಕು ಅಂತ ನೆಪ ಹೇಳಿ ಯಾರೂ ಎದ್ದು ಹೋಗುವ ಹಾಗಿಲ್ಲ.