ಮೂವತ್ತು ಹಕ್ಕಿಗಳ ಕುಲದಲ್ಲಿ ಉಳಿದದ್ದು ನಾಲ್ಕೇ

ಅಮಜೀಲಿಯಾ ಹಮ್ಮಿಂಗ್‌ಬರ್ಡ್ ಅಂತ ಒಂದು ಹಕ್ಕಿ ಇದೆ. ಪೆರು ದೇಶದ ಲಿಮಾ ನಗರದ ಕೈತೋಟಗಳಲ್ಲೂ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಅಮಜೀಲಿಯಾ ಅನ್ನುವುದು ಹಮ್ಮಿಂಗ್‌ಬರ್ಡ್‌ಗಳ ಒಂದು ಕುಲದ, ಅಂದರೆ ಹತ್ತಿರದ ನೆಂಟ ಪ್ರಭೇದಗಳ ಗುಂಪಿನ, ಹೆಸರೂ ಹೌದು. ತಮಾಷೆ ಏನೆಂದರೆ, ಆ ಕುಲದಲ್ಲಿ ಈಗ ಈ ಹಕ್ಕಿಗೇ ಜಾಗ ಇಲ್ಲ.

ಮುಂದೆ ಹೋಗುವ ಮೊದಲು ನಮ್ಮ ಭಾವನ ವಿಷಯ. ಮನೆಯ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಫೋಟೋ ಹಾಕುತ್ತಾರೆ, ಕೆಳಗೆ 'ನಮ್ಮ ಜಯನಗರದ ಹಮ್ಮಿಂಗ್‌ಬರ್ಡ್' ಅಂತ ಬರೆದಿರುತ್ತಾರೆ. "ಭಾವ, ಅದು ಸೂರಕ್ಕಿ" ಅಂದರೆ, "ಏನಮ್ಮಾ ನೀನು, ಎರಡೂ ಮಕರಂದ ಕುಡಿಯೋದೇ ಅಲ್ವಾ" ಅನ್ನುತ್ತಾರೆ. ಕುಡಿಯುವ ರೀತಿ ನೋಡಿ ಸ್ವಲ್ಪ. ನಮ್ಮ ಮಹಡಿಯ ದಾಸವಾಳಕ್ಕೆ ಬರುವ ಸೂರಕ್ಕಿ ಮೊದಲು ತೊಟ್ಟಿನ ಮೇಲೆ ಕೂರುತ್ತದೆ. ತಲೆಕೆಳಗಾಗಿ ಬಗ್ಗಿ, ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಪಕ್ಕದಿಂದ ಹೀರಿಬಿಡುತ್ತದೆ, ಎದುರು ಬಾಗಿಲಿಗೆ ಹೋಗುವುದೇ ಇಲ್ಲ. ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಕುಡಿಯುತ್ತದೆ. 350ಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಉತ್ತರ ಮತ್ತು ದಕ್ಷಿಣ ಅಮೆರಿಕಾ ಖಂಡಗಳವೇ. ಬೆಂಗಳೂರಿನಲ್ಲಿ ಅವಕ್ಕೆ ಹತ್ತಿರದ ನೆಂಟರು ಬೇಕೆಂದರೆ ಸೂರಕ್ಕಿಯನ್ನಲ್ಲ, ಸಂಜೆ ಹೊತ್ತು ಕಟ್ಟಡಗಳ ಮೇಲೆ ಸುತ್ತುವ ಸ್ವಿಫ್ಟ್‌ಗಳನ್ನು ನೋಡಬೇಕು. ಭಾವ ಇದನ್ನಂತೂ ಒಪ್ಪುವುದೇ ಇಲ್ಲ.

ಈಗ ಅಮಜೀಲಿಯಾಕ್ಕೆ ಬರೋಣ. ಕುಲಕ್ಕೆ ಈ ಹೆಸರಿಟ್ಟವನು ಫ್ರಾನ್ಸಿನ ರೆನೆ ಲೆಸ್ಸನ್, 1843ರಲ್ಲಿ. ಆಮೇಲೆ ಬಂದವರು ಅದಕ್ಕೆ ತುಂಬುತ್ತಲೇ ಹೋದರು. ಹಸಿರು ಬೆನ್ನು, ಮಧ್ಯಮ ಗಾತ್ರ, ಜಾಸ್ತಿ ಬಾಗದ ಕೊಕ್ಕು ಇದ್ದರೆ ಸಾಕು, ಅಮಜೀಲಿಯಾ. ಸುಮಾರು ಮೂವತ್ತು ಪ್ರಭೇದಗಳು ಸೇರಿಕೊಂಡವು.

ನಾನು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಮಾರುವವಳು. ಬಣ್ಣ ನಂಬಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನವಿಲುಕತ್ತಿನ ಬಣ್ಣದ ಸೀರೆ ತೆಗೆದುಕೊಳ್ಳಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಟ್ಯೂಬ್‌ಲೈಟ್ ಕೆಳಗೆ ಹಸಿರು ಅಂದವರು ಸೆರಗನ್ನು ಬಾಗಿಲ ಹತ್ತಿರ ಒಯ್ದು, "ಅಯ್ಯೋ, ಇದು ನೀಲಿ ಕಣ್ರೀ" ಅನ್ನುತ್ತಾರೆ. ಈ ಹಕ್ಕಿಗಳ ಮಿರಿಮಿರಿ ಹಸಿರೂ ಇದೇ ಜಾತಿ. ಅದು ಗರಿಗೆ ಬಳಿದ ಹಸಿರಲ್ಲ. ಗರಿಯ ಎಳೆಯೊಳಗೆ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಿನ ಚಪ್ಪಟೆ ಬಿಲ್ಲೆಗಳು ಪದರಪದರವಾಗಿ ಕೂತಿರುತ್ತವೆ, ಬಿಲ್ಲೆಗಳೊಳಗೆ ಗಾಳಿಯ ಗುಳ್ಳೆಗಳು. ಬೆಳಕು ಅವಕ್ಕೆ ತಾಗಿ ವಾಪಸ್ ಬರುವಾಗ ನಮಗೆ ಹಸಿರು ಕಾಣುತ್ತದೆ. ತಲೆ ಸ್ವಲ್ಪ ತಿರುಗಿಸಿದರೆ ಕಪ್ಪು. ಇಂಥ ಹಸಿರು ಹಮ್ಮಿಂಗ್‌ಬರ್ಡ್‌ಗಳ ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅದನ್ನು ನೋಡಿ ನೆಂಟಸ್ತಿಕೆ ಕಟ್ಟಿದರೆ ಎಡವಟ್ಟು ಆಗದೆ ಇರುತ್ತದೆಯೇ?

2014ರಲ್ಲಿ ಜೀವವಿಜ್ಞಾನಿ ಜಿಮ್ಮಿ ಮೆಕ್‌ಗ್ವೈರ್ ಮತ್ತು ಜೊತೆಯವರು 284 ಪ್ರಭೇದಗಳ ಡಿಎನ್‌ಎ ಇಟ್ಟುಕೊಂಡು ಹಮ್ಮಿಂಗ್‌ಬರ್ಡ್‌ಗಳ ಇಡೀ ಕುಟುಂಬದ ವಂಶವೃಕ್ಷ ಕಟ್ಟಿದರು. ಅಮಜೀಲಿಯಾ ಅಂದುಕೊಂಡ ಹಕ್ಕಿಗಳು ಅದರ ತುಂಬ ಚೆಲ್ಲಾಪಿಲ್ಲಿ. ಕೆಲವಕ್ಕೆ ತಮ್ಮ ಕುಲದವರಿಗಿಂತ ಬೇರೆ ಕುಲದವರೇ ಹತ್ತಿರ. 2017ರಲ್ಲಿ ಗ್ಯಾರಿ ಸ್ಟೈಲ್ಸ್, ರೆಮ್ಸೆನ್, ಮೆಕ್‌ಗ್ವೈರ್ ಮೂವರೂ ಸೇರಿ ಕುಲಗಳನ್ನು ಹೊಸದಾಗಿ ಜೋಡಿಸಿದರು. 19ನೇ ಶತಮಾನದಲ್ಲೇ ಇಟ್ಟು ಮೂಲೆಗೆ ಬಿದ್ದಿದ್ದ ಸಾಸೆರೋಟಿಯಾ, ಪಾಲಿಯೆರಾಟಾ, ಯುರಾನೋಮಿಟ್ರಾ ಎಂಬ ಹೆಸರುಗಳಿಗೆ ಮತ್ತೆ ಕೆಲಸ ಬಂತು. ಹಳೆ ಫೀಲ್ಡ್ ಗೈಡ್ ಇಟ್ಟುಕೊಂಡವರು ಗೊಣಗಿದರೆ ಗೊಣಗಲಿ. ನನಗಂತೂ ಇದು ಸರಿ ಅನಿಸುತ್ತದೆ.

ಹಾಗಾದರೆ ಅಮಜೀಲಿಯಾ ಹಮ್ಮಿಂಗ್‌ಬರ್ಡನ್ನೇ ಯಾಕೆ ಹೊರಗೆ ಹಾಕಿದರು? ಕುಲದ ಹೆಸರು ಯಾವತ್ತೂ ಅದರ ಮಾದರಿ ಪ್ರಭೇದದ, ಅಂದರೆ ಆ ಹೆಸರಿಗೆ ಆಧಾರ ಅಂತ ಗೊತ್ತುಮಾಡಿದ ಪ್ರಭೇದದ, ಜೊತೆಗೇ ಹೋಗುತ್ತದೆ. ಇಲ್ಲಿ ಮಾದರಿ ಎಂದು ಗೊತ್ತಾಗಿರುವುದು ದಾಲ್ಚಿನ್ನಿ ಬಣ್ಣದ ಹೊಟ್ಟೆಯ ಸಿನಮನ್ ಹಮ್ಮಿಂಗ್‌ಬರ್ಡ್. ಲಿಮಾದ ಹಕ್ಕಿ ಅದಕ್ಕೆ ಹತ್ತಿರದ ನೆಂಟನಲ್ಲ. ಪಾಪ, ಅದೀಗ ಅಮಜೀಲಿಸ್ ಅನ್ನುವ ಬೇರೆ ಕುಲದಲ್ಲಿದೆ.

ಉಳಿದದ್ದು ನಾಲ್ಕು. ಸಿನಮನ್ ಮೆಕ್ಸಿಕೋದಿಂದ ಕೋಸ್ಟರಿಕಾವರೆಗೆ ಸಿಗುತ್ತದೆ. ಬಫ್-ಬೆಲ್ಲಿಡ್ ಅನ್ನುವುದು ಟೆಕ್ಸಾಸ್‌ನ ತೆಂಕಣ ತುದಿಯಲ್ಲೂ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಎಲ್ಲ ಹಕ್ಕಿಗಳೂ ದಕ್ಷಿಣಕ್ಕೆ ಹೊರಟರೆ, ಇದರಲ್ಲಿ ಕೆಲವು ಕರಾವಳಿ ಹಿಡಿದು ಲೂಸಿಯಾನಾ ಕಡೆ ಹೋಗುತ್ತವೆ! ಮೂರನೆಯದು ಹೊಂಡುರನ್ ಎಮರಾಲ್ಡ್. ಹೊಂಡುರಾಸ್‌ನ ಒಣ ಮುಳ್ಳುಕಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಬಹಳ ವರ್ಷ ಯಾರ ಕಣ್ಣಿಗೂ ಬೀಳದೆ, 1988ರಲ್ಲಿ ಅಗ್ವಾನ್ ಕಣಿವೆಯಲ್ಲಿ ಮತ್ತೆ ಸಿಕ್ಕಿತು. ಹುಲ್ಲುಗಾವಲಿಗೆ ಅಂತ ಕಾಡು ಕಡಿಯುವುದೇ ಅದಕ್ಕೆ ದೊಡ್ಡ ತೊಂದರೆ.

ನಾಲ್ಕನೆಯದು ಕೆಂಪು ಬಾಲದ ರೂಫಸ್-ಟೇಲ್ಡ್. 1833ರಲ್ಲಿ ಇದನ್ನು ವಿವರಿಸಿದವನು ಮೆಕ್ಸಿಕೋದ ಪಾದ್ರಿ ಪಾಬ್ಲೋ ಡೆ ಲಾ ಯಾವೆ. ತೂಕ ಐದು ಗ್ರಾಂ ಆಸುಪಾಸು, ಜಗಳ ಮಾತ್ರ ಸಿಕ್ಕಾಪಟ್ಟೆ. ತನ್ನ ಹೂಗಿಡದ ಹತ್ತಿರ ಇನ್ನೊಂದು ಹಮ್ಮಿಂಗ್‌ಬರ್ಡ್ ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಪನಾಮಾದ ಎಸ್ಕುಡೋ ಡೆ ವೆರಾಗ್ವಾಸ್ ಎಂಬ ಪುಟಾಣಿ ದ್ವೀಪದಲ್ಲಿ ಇದರದೇ ದೊಡ್ಡ ದೇಹದ ಹಕ್ಕಿಗಳಿವೆ. ವಿಚಿತ್ರ ಅಂದರೆ ಅಲ್ಲಿನ ಸ್ಲಾತ್, ಮರಕ್ಕೆ ನೇತಾಡಿಕೊಂಡಿರುವ ನಿಧಾನದ ಪ್ರಾಣಿ, ಮಾತ್ರ ಕುಳ್ಳಗಾಗಿದೆ. 1963ರಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ಈ ದ್ವೀಪದ ಹಕ್ಕಿಯನ್ನು ಬೇರೆ ಪ್ರಭೇದ ಅಂತ ಹೆಸರಿಸಿದ. ಆಮೇಲೆ ಡಿಎನ್‌ಎ ನೋಡಿದರೆ ದ್ವೀಪದಾಚೆ ಮುಖ್ಯಭೂಮಿಯ ಹಕ್ಕಿಗಳಿಗೂ ಅದಕ್ಕೂ ಅಂಥ ದೂರ ಏನಿಲ್ಲ. ಈಗ ಅದನ್ನು ಉಪಪ್ರಭೇದ ಅಂತ ಎಣಿಸುತ್ತಾರೆ. ಬಣ್ಣ ನೋಡಿ ಮೋಸಹೋಗಬಾರದು ಅಂದಮೇಲೆ ಮೈಗಾತ್ರ ನೋಡಿಯೂ ಹೋಗಬಾರದಲ್ಲ, ಹಾಗಾಗಿ ನನ್ನ ವೋಟೂ ಉಪಪ್ರಭೇದಕ್ಕೇ.