ನಾಲೆಯ ಹೂಳು, ಹಳ್ಳದ ಮಾದರಿ

ಮಂಡ್ಯ ಜಿಲ್ಲೆಯ ಹೊಲದ ಬದುವಿನಲ್ಲಿ ಸುತ್ತಿಗೆ ಹಿಡಿದು ನಿಂತವನನ್ನು ಜನ 2020ರಿಂದ ಈಚೆಗೆ ಲಿಥಿಯಂ ಹುಡುಕಲು ಬಂದವನೆಂದೇ ನೋಡುತ್ತಾರೆ. ಆ ವರ್ಷ ಮರಳಗಾಲ–ಅಲ್ಲಾಪಟ್ಟಣದ ಪೆಗ್ಮಟೈಟ್ ಶಿಲೆಗಳಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು ಪತ್ರಿಕೆಗಳ ಮುಖಪುಟಕ್ಕೆ ಬಂತು. ಮರುವರ್ಷ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಅಂಕಿ 1,600 ಟನ್ನಿಗೆ ಇಳಿದಿತ್ತು, ಅದೂ ಖಚಿತತೆ ಕಡಿಮೆಯಿರುವ 'ಊಹಿತ' ಎಂಬ ವರ್ಗದಲ್ಲಿ. ಮೊದಲ ಅಂಕಿ ಹಳ್ಳಿಹಳ್ಳಿಯ ಟೀ ಅಂಗಡಿಗೂ ತಲುಪಿದೆ. ಎರಡನೆಯದು ತಲುಪಿದ್ದನ್ನು ನಾನಂತೂ ಕಂಡಿಲ್ಲ. 2023ರಲ್ಲಿ ಜಮ್ಮುವಿನ ರಿಯಾಸಿ ಜಿಲ್ಲೆಯಲ್ಲಿ 59 ಲಕ್ಷ ಟನ್ ಎಂಬ ಸುದ್ದಿ ಬಂದ ಮೇಲೆ, ಅದು ಲೋಹದ ತೂಕವಲ್ಲ, ಅದಿರಿನ ತೂಕ ಎಂಬ ವ್ಯತ್ಯಾಸವನ್ನು ವಿವರಿಸುವ ಕೆಲಸವೂ ನಮ್ಮಂಥವರ ಪಾಲಿಗೆ ಬಂದಿದೆ.

ನಾನು ಮೈಸೂರಿನವನು. ಭೂವೈಜ್ಞಾನಿಕ ಸಮೀಕ್ಷೆಯ ಕೆಲಸಕ್ಕೆ ಮಾದರಿ ಸಂಗ್ರಹಿಸಿಕೊಡುವ ಒಂದು ಗುತ್ತಿಗೆ ಸಂಸ್ಥೆಯಲ್ಲಿದ್ದೇನೆ. ಒಂದು ಸೀಸನ್ನಿನಲ್ಲಿ ನಮ್ಮ ಪಾಲಿಗೆ ಬಂದದ್ದು 57ಡಿ ಎಂಬ ನಕ್ಷೆಯ ಶೀಟಿನ ಎನ್‌ಜಿಸಿಎಂ, ಅಂದರೆ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆ ತಯಾರಿಯ ಕೆಲಸ. ಹಳ್ಳದ ಹೂಳನ್ನು ಜರಡಿ ಹಿಡಿದು, ಕೋನಿಂಗ್ ಕ್ವಾರ್ಟರಿಂಗ್ ಮಾಡಿ (ಗುಡ್ಡೆ ಹಾಕಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಪಾಲುಗಳನ್ನಷ್ಟೇ ಉಳಿಸಿಕೊಂಡು), ಚೀಲಕ್ಕೆ ತುಂಬಿ, ಚದರ ಕಿಲೋಮೀಟರಿಗೆ ಒಂದರಂತೆ ತೆಗೆದ ನಾಲ್ಕು ಮಾದರಿಗಳನ್ನು ಬೆರೆಸಿ ಒಂದು ಕಾಂಪೊಸಿಟ್ ಮಾಡಬೇಕು. ಪ್ರಯೋಗಾಲಯದಲ್ಲಿ ಅದರಲ್ಲಿ ಅರವತ್ತಕ್ಕೂ ಹೆಚ್ಚು ಧಾತುಗಳ ಪ್ರಮಾಣವನ್ನು ಅಳೆಯುತ್ತಾರೆ. ಯಾವುದೋ ಒಂದು ಲೋಹವನ್ನು ಹುಡುಕುವ ಕೆಲಸ ಇದಲ್ಲ. ಮೇಲಿನ ಇಳಿಜಾರಿನ ಬಂಡೆಗಳು ಸವೆದು ನೀರಿನೊಡನೆ ಇಳಿದುಬಂದ ಕಣಗಳಿಂದ ಆ ಇಡೀ ಜಲಾನಯನದ ಗುಣ ಗೊತ್ತಾಗುತ್ತದೆ ಎಂಬುದು ಇದರ ಆಧಾರ. ಹೂಳು ಅಲ್ಲಿಯದೇ ಆಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಊರಿನ ಹೆಸರು ಬೇಡ. ಬಯಲಿನ ನಡುವೆ ಹಾಸುಬಂಡೆಯೊಂದು ಎದ್ದಿತ್ತು, ಅದರ ಮೇಲೆ ರಾಗಿ ಒಣಹಾಕಿದ್ದರು. ಲಾಲ್‌ಬಾಗಿನಲ್ಲಿ ಇದೇ ಜಾತಿಯ ಪೆನಿನ್ಸುಲಾರ್ ನೈಸ್ ಶಿಲೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ನೆಟ್ಟಿದ್ದಾರೆ; ಇಲ್ಲಿ ಆ ಮುನ್ನೂರು ಕೋಟಿ ವರ್ಷದ ಕಲ್ಲು ಒಕ್ಕಣೆಯ ಕಣವಾಗಿ ಉಪಯೋಗಕ್ಕೆ ಬರುತ್ತಿದೆ, ನನ್ನ ದೃಷ್ಟಿಯಲ್ಲಿ ಅದೇನೂ ಕಡಿಮೆ ಗೌರವವಲ್ಲ. ಟೋಪೋಶೀಟಿನಲ್ಲಿ, ಅಂದರೆ ಸರ್ವೆ ನಕ್ಷೆಯಲ್ಲಿ, ಆ ಬಂಡೆಯ ಕೆಳಗಿನಿಂದ ಹೊರಡುವ ಮೊದಲ ಶ್ರೇಣಿಯ (ಬೇರೆ ಹಳ್ಳ ಬಂದು ಸೇರದ) ಹಳ್ಳವೊಂದನ್ನು ಗುರುತಿಸಿ, ಅದರ ಮೇಲೆ ಕಚೇರಿಯಲ್ಲಿ ಕುಳಿತವರು ನಾವು ಮಾದರಿ ತೆಗೆಯಬೇಕಾದ ಬಿಂದುವನ್ನು ಹಾಕಿಕೊಟ್ಟಿದ್ದರು.

ಎರಡನೆಯ ಚೀಲಕ್ಕೆ ಲೇಬಲ್ ಬರೆಯುವ ಹೊತ್ತಿಗೆ ಬೈಕುಗಳು ಬಂದು ನಿಂತವು. ಮಾತಿಲ್ಲದೆ ಜನ ಸುತ್ತುವರಿದರು. ಒಬ್ಬ ನಮ್ಮ ಜೀಪಿನ ಮುಂದೆ ಬೈಕನ್ನು ಅಡ್ಡ ನಿಲ್ಲಿಸಿದ, ಇನ್ನೊಬ್ಬ ತುಂಬಿದ ಚೀಲವನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡತೊಡಗಿದ. ಜಮೀನು ಹೋಗುವ ಭಯದಿಂದ ಬಂದಿದ್ದಾರೆಂದು ನಾನು ಅರೆಗಳಿಗೆಯಲ್ಲಿ ತೀರ್ಮಾನಿಸಿ, ಯಾರೂ ಕೇಳುವ ಮೊದಲೇ, "ಹೆದರಬೇಡಿ, ಇಲ್ಲಿ ಲಿಥಿಯಂ ಇಲ್ಲ, ನಿಮ್ಮ ಜಮೀನಿಗೆ ಯಾರೂ ಬರುವುದಿಲ್ಲ" ಎಂದುಬಿಟ್ಟೆ. ಸುತ್ತ ನಿಂತವರ ಮುಖ ಗಂಟಾಯಿತು. ಹೂಳನ್ನು ಇನ್ನೂ ಪ್ರಯೋಗಾಲಯಕ್ಕೇ ಕಳಿಸದೆ ಇಲ್ಲವೆಂದು ಹೇಳಲು ನೀನು ಯಾರು ಎಂದು ಚೀಲ ಹಿಡಿದವನು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದೆಯೆಂದು ಹೇಳುವ ಅಧಿಕಾರ ನನಗಿಲ್ಲದಷ್ಟೇ ಇಲ್ಲವೆನ್ನುವ ಅಧಿಕಾರವೂ ಇರಲಿಲ್ಲ. ಆಮೇಲೆ ತಿಳಿಯಿತು, ಲಿಥಿಯಂ ಸಿಕ್ಕರೆ ಎಕರೆಗೆ ಬೆಲೆ ಏರುತ್ತದೆಂದು ನಂಬಿ ಅವರಲ್ಲಿ ಕೆಲವರು ಜಮೀನನ್ನು ಮಾರದೆ ಉಳಿಸಿಕೊಂಡಿದ್ದರು. ಅಭಯವೆಂದು ನಾನಾಡಿದ ಮಾತು ಅವರಿಗೆ ಬೆಲೆ ಇಳಿಸುವ ದಲ್ಲಾಳಿಯ ಮಾತಿನಂತೆ ಕೇಳಿಸಿತ್ತು.

ಅನುಮತಿ ಪತ್ರ ತೋರಿಸಿದೆ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು, ಮೊಹರು ಓದಲಾಗದಷ್ಟು ಮಸುಕಾಗಿತ್ತು, ಅದು ಹೇಳುತ್ತಿದ್ದ ಅವಧಿ ಹಿಂದಿನ ತಿಂಗಳಿಗೇ ಮುಗಿದಿತ್ತು. ನವೀಕರಿಸಿದ ಪ್ರತಿ ಇಮೇಲಿನಲ್ಲಿ ಬರುತ್ತದೆಂದು ಕಚೇರಿಯವರು ಹೇಳುತ್ತಲೇ ಇದ್ದರು. ಮೇಲ್ವಿಚಾರಕರ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಯಾರೋ ಗ್ರಾಮ ಲೆಕ್ಕಿಗರನ್ನು ಕರೆಯುತ್ತೇನೆಂದರು, ಇನ್ನಾರೋ ಪೊಲೀಸರನ್ನೇ ಕರೆಯೋಣವೆಂದರು. ನಮ್ಮ ಚಾಲಕ ಮಾತ್ರ ಬೀಡಿ ಹಚ್ಚಿ ಒಬ್ಬ ವೃದ್ಧರ ಪಕ್ಕ ಕುಳಿತು ಈ ವರ್ಷದ ಕಬ್ಬಿನ ಬಟವಾಡೆ ಆಯಿತೇ ಎಂದು ವಿಚಾರಿಸುತ್ತಿದ್ದ. ಅಂದು ನಮ್ಮ ತಂಡದಲ್ಲಿ ಕೆಲಸ ಬಲ್ಲವನು ಅವನೊಬ್ಬನೇ ಇದ್ದ.

ಆ ವೃದ್ಧರು ಎದ್ದು ಬಂದು, ಚೀಲದಿಂದ ಒಂದು ಹಿಡಿ ಹೂಳು ತೆಗೆದು ಬೆರಳಲ್ಲಿ ಉಜ್ಜಿ, "ಇದನ್ನ ಯಾಕಪ್ಪಾ ಒತ್ಕೊಂಡು ಓಯ್ತೀಯ? ಇದು ನಮ್ಮೂರ ಮಣ್ಣೇ ಅಲ್ಲ" ಎಂದರು. ನಾನು ಹಳ್ಳವೆಂದುಕೊಂಡಿದ್ದು ವಿಶ್ವೇಶ್ವರಯ್ಯ ನಾಲೆಯ ಹಂಚುಗಾಲುವೆಯಿಂದ ಹೆಚ್ಚುವರಿ ನೀರು ಬಿಡುವ ದಾರಿಯಾಗಿತ್ತು. ಹಳೆಯ ಹಳ್ಳವನ್ನು ನಾಲೆಯ ಏರಿ ಮೇಲ್ಭಾಗದಲ್ಲೇ ತಡೆದಿತ್ತು, ಅದರ ನೀರು ಈಗ ಬಂಡೆಯ ಆಚೆ ಬದಿಯಿಂದ ಇಳಿಯುತ್ತಿತ್ತು. ಸಾಲದ್ದಕ್ಕೆ ಹಿಂದಿನ ಬೇಸಿಗೆಯಲ್ಲಿ ಕಾಲುವೆಯಿಂದ ಎತ್ತಿದ ಹೂಳನ್ನೂ ಇಲ್ಲಿಯೇ ಸುರಿದಿದ್ದರು. ಅಂದರೆ ಕನ್ನಂಬಾಡಿಯಿಂದ ಹುಲಿಕೆರೆ ಸುರಂಗದ ಮೂಲಕ ಬರುವ ಕಾವೇರಿಯ ನೀರು ಎಲ್ಲೆಲ್ಲಿಂದಲೋ ಹೊತ್ತು ತಂದ ಕಣಗಳನ್ನು ಈ ಬಂಡೆಯ ಲೆಕ್ಕಕ್ಕೆ ಬರೆದು ಕಳಿಸುವುದರಲ್ಲಿದ್ದೆ. ಸುತ್ತಲೂ ಗದ್ದೆ, ಕಬ್ಬು. ನಾಲೆ ಹರಿಯುವ ಸೀಮೆಯಲ್ಲಿ ನಕ್ಷೆಯ ಪ್ರತಿಯೊಂದು ನೀಲಿ ಗೆರೆಯನ್ನೂ ಅನುಮಾನಿಸಬೇಕೆಂಬುದು ನನಗೆ ಹೊಳೆಯಬೇಕಿತ್ತು.

ಅವರೇ ಮುಂದೆ ನಡೆದು ನಿಜವಾದ ಹಳ್ಳ ತೋರಿಸಿದರು. ಅಲ್ಲಿನ ಮರಳಿನಲ್ಲಿ ಕೆಂಬಿಳುಪಿನ ಫೆಲ್ಡ್‌ಸ್ಪಾರ್ ಚೂರುಗಳು ಇನ್ನೂ ಮೂಲೆ ಸವೆಯದೆ ಇದ್ದವು. ಬಂಡೆಯಿಂದ ಕಳಚಿ ಹೆಚ್ಚು ದೂರ ಬಂದಿರಲಿಲ್ಲ. ಮಾದರಿ ತೆಗೆಯುವಾಗ ಫಲಿತಾಂಶ ಯಾವಾಗ ಸಿಗುತ್ತದೆಂದು ಅವರು ಕೇಳಿದರು. ಭೂಕೋಶ್ ಎಂಬ ಜಾಲತಾಣದಲ್ಲಿ ಮುಂದೆಂದೋ ಹಾಕುತ್ತಾರೆ, ನಾಲ್ಕು ಚದರ ಕಿಲೋಮೀಟರಿಗೆ ಒಂದು ಅಂಕಿ ಇರುತ್ತದೆ ಎಂದೆ. ಅದರಲ್ಲಿ ತಮ್ಮ ಎರಡೆಕರೆ ಎಲ್ಲಿ ಕಾಣುತ್ತದೆ ಎಂದರು. ಈ ಬಾರಿ ಅವಸರಪಡದೆ, ಕಾಣುವುದಿಲ್ಲ ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿದರು, ಚೀಲ ಹಿಡಿದಿದ್ದವನು ಚೀಲವನ್ನು ಹಿಂದಿರುಗಿಸಿದ.

ಉಳಿದದ್ದು ಮಾದರಿಗಳನ್ನು ದಾಖಲಿಸುವ ಆ್ಯಪ್‌ನ ಕಾಟ. ಕೊಟ್ಟ ಬಿಂದುವಿನಿಂದ ದೂರ ಸರಿದಿದ್ದೇವೆಂದು ಅದು ಹೊಸ ಮಾದರಿಯನ್ನು ಸ್ವೀಕರಿಸಲೇ ಇಲ್ಲ. ಮೇಲ್ವಿಚಾರಕರು ಸಂಜೆ ಫೋನೆತ್ತಿದಾಗ, ನಕ್ಷೆಯಲ್ಲಿ ಹಳ್ಳವಿದ್ದ ಮೇಲೆ ಹಳ್ಳವೇ ಎಂದು ವಾದಿಸಿ, ಕೊನೆಗೆ ವಿಚಲನೆಗೆ ಕಾರಣ ನಮೂದಿಸಿ ಕಳಿಸುವಂತೆ ಹೇಳಿದರು. ಕಾರಣಗಳ ಪಟ್ಟಿಯಲ್ಲಿ ಸ್ಥಳೀಯರ ಮಾಹಿತಿ ಎಂಬ ಆಯ್ಕೆ ಇರಲಿಲ್ಲ, ನಾಲೆ ಎಂಬುದೂ ಇರಲಿಲ್ಲ. ಇದ್ದವುಗಳಲ್ಲಿ ಹತ್ತಿರದ್ದೆಂದರೆ 'ಸ್ಥಳೀಯರಿಂದ ಅಡ್ಡಿ'. ಅದನ್ನೇ ಒತ್ತಿದ ಮೇಲೆ ಮಾದರಿ ಅಪ್‌ಲೋಡ್ ಆಯಿತು, ಸೀಸನ್ನಿನ ವರದಿಯಲ್ಲಿ ಆ ಊರು ಹಾಗೆಯೇ ದಾಖಲಾಗಿದೆ.