ಹನ್ನೊಂದನೆಯ ತಿಂಗಳು

ಸಫೇದ್, ಇಸ್ರೇಲ್, 23 ನವೆಂಬರ್ 2019, ಶನಿವಾರ ರಾತ್ರಿ

ತೀರಿಕೊಂಡ ಸಾವ್ತಾ (ಅಜ್ಜಿ) ಅವರ ಹೆಸರಿನಲ್ಲಿ ಹಿರಿಯ ಮಗ ಹೇಳುತ್ತಿದ್ದ ಕದ್ದಿಶ್, ಅಂದರೆ ಸತ್ತವರಿಗಾಗಿ ಯೆಹೂದಿಗಳು ಹೇಳುವ ಪ್ರಾರ್ಥನೆ, ಇಂದು ಹೊತ್ತು ಮುಳುಗುವ ಮುಂಚಿನ ಪ್ರಾರ್ಥನೆಯೊಂದಿಗೆ ಮುಗಿಯಿತು. ಜನವರಿಯ ಮೊದಲ ವಾರದಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ದಿನದಿಂದ ದಿನಕ್ಕೆ ಮೂರು ಹೊತ್ತು, ಕನಿಷ್ಠ ಹತ್ತು ಮಂದಿ ಗಂಡಸರು ಸೇರಿದ ಸಭಾಮಂದಿರದಲ್ಲಿ ಎದ್ದು ನಿಂತು, ಸಾವಿನ ಮಾತನ್ನೇ ಎತ್ತದೆ ದೇವರ ನಾಮವನ್ನು ಮಾತ್ರ ಕೊಂಡಾಡುವ ಆ ಅರಮಾಯ ಭಾಷೆಯ ಸ್ತೋತ್ರವನ್ನು ಅವರು ತಪ್ಪದೆ ಹೇಳಿದ್ದಾರೆ. ಇಂದು ಕೊನೆಯ ಆಮೆನ್ ಆದ ಮೇಲೆ ಪುಸ್ತಕ ಮುಚ್ಚಿ, ತಂದೆಯ ಹೆಗಲು ಮುಟ್ಟಿ, "ಅಬಾ, ಮುಗಿಯಿತು" ಎಂದರು. ನಾನು ನೋಡಿಕೊಳ್ಳುತ್ತಿರುವ ಸಬಾ (ಅಜ್ಜ) ತಲೆಯಾಡಿಸಿದರೇ ಹೊರತು ಮಾತನಾಡಲಿಲ್ಲ. ಗಾಲಿಕುರ್ಚಿಯನ್ನು ತಳ್ಳಿಕೊಂಡು ನಾನು ಏರುದಾರಿ ಹತ್ತುವಾಗಲೂ ಮಾತಿಲ್ಲ. ಈ ವಾರದ ತೋರಾ ಪಾಠವೂ ಸಾರಳ ಮರಣದ್ದೇ ಆಗಿತ್ತು; ಅಬ್ರಹಾಮನು ಹೆಂಡತಿಗಾಗಿ ಗೋಳಾಡಿ, ಅವಳನ್ನು ಹೂಳಲು ಮಕ್ಪೇಲದ ಗವಿಯನ್ನು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡ ಅಧ್ಯಾಯ. ಬೆಳಿಗ್ಗೆ ಅದನ್ನು ಕೇಳಿದಾಗಲೇ ಅವರ ಮುಖ ಬಾಡಿತ್ತು.

ಹನ್ನೊಂದು ತಿಂಗಳಿಗೇ ನಿಲ್ಲಿಸುವುದರ ಹಿಂದೆ ಮರ್ಯಾದೆಯ ಲೆಕ್ಕಾಚಾರವೊಂದಿದೆ. ಗೆಹಿನ್ನೋಮಿನಲ್ಲಿ, ಅಂದರೆ ನರಕದಲ್ಲಿ, ದುಷ್ಟರಿಗೆ ಹನ್ನೆರಡು ತಿಂಗಳ ದಂಡನೆ ಎಂದು ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾದಲ್ಲಿ ರಬ್ಬಿ ಅಕೀವಾ ಹೇಳಿದ್ದಾರೆ. ಮಗನಾದವನು ಪೂರ್ತಿ ಹನ್ನೆರಡು ತಿಂಗಳು ಕದ್ದಿಶ್ ಹೇಳಿದರೆ, ಹೆತ್ತವಳಿಗೆ ಪೂರ್ತಿ ಶಿಕ್ಷೆಯೇ ತಗಲಿದೆ ಎಂದು ಅವನೇ ಊರಿಗೆಲ್ಲ ಸಾರಿದಂತಾಗುತ್ತದೆ. ಆದ್ದರಿಂದ ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಇದನ್ನು ನಿಯಮವಾಗಿ ಬರೆದಿಟ್ಟವರು ಪೋಲೆಂಡಿನ ಕ್ರಾಕೋವ್ ನಗರದ ರಬ್ಬಿ ಮೋಶೆ ಇಸ್ಸರ್ಲೆಸ್. ಬರೆದದ್ದು ಇದೇ ಸಫೇದಿನಲ್ಲಿ ಬಾಳಿದ ಯೋಸೆಫ್ ಕಾರೊ ಅವರ ಧರ್ಮಸಂಹಿತೆಗೆ ಸೇರಿಸಿದ ಟಿಪ್ಪಣಿಯಲ್ಲಿ. ಕಳೆದ ಯೆಹೂದಿ ವರ್ಷದಲ್ಲಿ ಅಧಿಕಮಾಸ ಬಂದಿದ್ದರಿಂದ ಸಾವ್ತಾ ಅವರ ವರ್ಷಾಂತಿಕ ಬರುವುದು ಮುಂದಿನ ಜನವರಿಯ ಉತ್ತರಾರ್ಧದಲ್ಲಿ. ನಡುವಿನ ಎರಡು ತಿಂಗಳು ಅವರ ಹೆಸರಿನಲ್ಲಿ ಯಾರೂ ಕದ್ದಿಶ್ ಹೇಳುವುದಿಲ್ಲ. ಸಬಾ ಅವರ ಸಿಟ್ಟು ಈ ಎರಡು ತಿಂಗಳ ಮೇಲೆ.

ಮೂರು ನಕ್ಷತ್ರ ಕಂಡ ಮೇಲೆ, ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನು ಬೀಳ್ಕೊಡುವ ಹವ್ದಾಲಾ ವಿಧಿ ಆಯಿತು. ಸಬ್ಬತ್ತಿನ ದಿನ ಪ್ರತಿಯೊಬ್ಬರಿಗೂ ಇನ್ನೊಂದು ಆತ್ಮ ಹೆಚ್ಚಿಗೆ ಬಂದು ಸೇರಿಕೊಳ್ಳುತ್ತದೆ, ಸಬ್ಬತ್ ಮುಗಿದೊಡನೆ ಹೊರಟುಹೋಗುತ್ತದೆ ಎಂಬುದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನ ಮಾತು; ಉಳಿದ ಆತ್ಮಕ್ಕೆ ಆ ಅಗಲಿಕೆಯಿಂದ ಬವಳಿ ಬರಬಾರದೆಂದು ಸುಗಂಧವನ್ನು ಮೂಸುತ್ತಾರೆ. ಸಬಾ ಅವರ ಬೆಳ್ಳಿಯ ಡಬ್ಬಿ ಗೋಪುರದ ಆಕಾರದ್ದು, ತುದಿಯಲ್ಲಿ ಉಗುರಿನಷ್ಟು ಚಿಕ್ಕ ಬಾವುಟವಿದೆ, ಬಾಗಿಲ ತಿರುಗಣಿ ಸಡಿಲವಾಗಿರುವುದರಿಂದ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಒಳಗೆ ಇರುವುದು ನಾನು ನನ್ನೂರು ಮಂಗಳೂರಿನಿಂದ ತಂದ ಲವಂಗ. ಎಂದಿಗಿಂತ ಹೆಚ್ಚು ಹೊತ್ತು ಮೂಗಿನ ಬಳಿ ಹಿಡಿದುಕೊಂಡಿದ್ದರು. ಹೆಣೆದ ಮೇಣದಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ನಂದಿಸಿದ ಮೇಲೆ ಮಗ ಹೊರಟುಹೋದರು. ಆಗ ಮಾತು ಶುರುವಾಯಿತು.

"ಮಗಳೇ, ಗೆಹಿನ್ನೋಮಿಗೂ ಸಬ್ಬತ್ತಿನ ದಿನ ರಜೆ, ಗೊತ್ತೇ? ಬೆಂಕಿ ಉರಿಯುವುದಿಲ್ಲ, ಯಾರನ್ನೂ ದಂಡಿಸುವುದಿಲ್ಲ. ಹಾಗಿದ್ದರೆ ನನ್ನ ಮಗ ಇಂದು ಯಾರನ್ನು ಬಿಡಿಸಲು ಕದ್ದಿಶ್ ಹೇಳಿದ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವರು ನನ್ನಿಂದ ಉತ್ತರವನ್ನು ಬಯಸಿಯೂ ಇರಲಿಲ್ಲ. ಮಧ್ಯಯುಗದ ಕಥೆಯೊಂದನ್ನು ಮೊದಲು ಹೇಳಿದರು. ರಬ್ಬಿ ಅಕೀವಾ ದಾರಿಯಲ್ಲಿ ಹೋಗುವಾಗ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಓಡುತ್ತಿದ್ದ ಒಬ್ಬನನ್ನು ತಡೆದು ಯಾರೆಂದು ವಿಚಾರಿಸಿದರೆ, ಅವನು ಸತ್ತವನು. ಬದುಕಿದ್ದಾಗ ತೆರಿಗೆ ವಸೂಲಿಯ ಅಧಿಕಾರಿಯಾಗಿ ಸಿರಿವಂತರನ್ನು ಓಲೈಸಿ ಬಡವರನ್ನು ಹಿಂಡಿದ್ದ. ಈಗ ದಿನವೂ ತಾನೇ ಹೊತ್ತು ತಂದ ಕಟ್ಟಿಗೆಯಲ್ಲಿ ತಾನೇ ಬೇಯಬೇಕು. ಅಕೀವಾ ಅವನ ಊರನ್ನು ಹುಡುಕಿ ಹೋಗಿ, ಅಕ್ಷರವೇ ತಿಳಿಯದಿದ್ದ ಅವನ ಮಗನಿಗೆ ಕಲಿಸಿ, ಸಭೆಯ ಮುಂದೆ ನಿಲ್ಲಿಸಿ ದೇವರ ನಾಮವನ್ನು ಕೊಂಡಾಡಿಸಿದ ಕೂಡಲೇ ಸತ್ತವನಿಗೆ ಬಿಡುಗಡೆಯಾಯಿತು. ದೈವರಹಸ್ಯದ ತೋಟವನ್ನು ಹೊಕ್ಕ ನಾಲ್ವರಲ್ಲಿ ಒಬ್ಬ ಸತ್ತು, ಒಬ್ಬನಿಗೆ ಬುದ್ಧಿ ಭ್ರಮಿಸಿ, ಮತ್ತೊಬ್ಬ ಧರ್ಮವನ್ನೇ ಬಿಟ್ಟಾಗ, ಕ್ಷೇಮವಾಗಿ ಹೊರಬಂದವರು ಇದೇ ಅಕೀವಾ. ಸ್ವರ್ಗವನ್ನು ಕಂಡುಬಂದವರೇ ಒಬ್ಬ ತೆರಿಗೆಯವನ ಮಗನಿಗೆ ಅಕ್ಷರ ಕಲಿಸಲು ಕುಳಿತರು ಎಂಬುದು ನನಗೆ ತೋಟದ ಕಥೆಗಿಂತ ದೊಡ್ಡದಾಗಿ ಕಂಡಿತು. ಸಬಾ ಅವರಿಗೆ ಹಾಗೆ ಹೇಳಿದೆ. "ಅದು ಬಿಡಿಸುವ ಕೆಲಸ, ನಾನು ಕೇಳುತ್ತಿರುವುದು ಬೇರೆ" ಎಂದು ಕೈಯಾಡಿಸಿದರು.

ಬೇರೆಯದು ಆರಿ ಅವರ ಮಾತು. ಸಫೇದಿನಲ್ಲಿ ಆರಿ ಎಂದರೆ ಅನುಭಾವಿ ಗುರು ಐಸಾಕ್ ಲುರಿಯಾ. 1534ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬೆಳೆದು, 1570ರಲ್ಲಿ ಇಲ್ಲಿಗೆ ಬಂದು, 1572ರ ಪಿಡುಗಿನಲ್ಲಿ ತೀರಿಕೊಂಡವರು. ಎರಡೇ ವರ್ಷ ಇದ್ದರೂ ಊರಿಗೆ ಊರೇ ಅವರದಾಗಿದೆ. ಕದ್ದಿಶ್ ಕೆಲಸ ಗೆಹಿನ್ನೋಮಿನ ಬಾಗಿಲಿಗೆ ಮುಗಿಯುವುದಿಲ್ಲ, ಏದೆನ್ ತೋಟವನ್ನು ಸೇರಿದ ಆತ್ಮವನ್ನೂ ಅದು ಒಂದು ನೆಲೆಯಿಂದ ಮೇಲಿನ ನೆಲೆಗೆ ಏರಿಸುತ್ತದೆ, ಆದ್ದರಿಂದಲೇ ದಂಡನೆಯಿಲ್ಲದ ಸಬ್ಬತ್ತಿನಲ್ಲೂ ಅದನ್ನು ಹೇಳಬೇಕು ಎಂಬುದು ಅವರ ಬೋಧನೆ. ಇಷ್ಟನ್ನು ಹೇಳಿ ಸಬಾ ಮೇಜಿನ ಮೇಲೆ ಬೆರಳು ಕುಟ್ಟಿದರು. "ಬಿಡಿಸುವುದಕ್ಕೆ ಗಡುವು ಇದೆ, ಒಪ್ಪುತ್ತೇನೆ. ಏರುವುದಕ್ಕೆ ಹನ್ನೊಂದು ತಿಂಗಳ ಗಡುವು ಹಾಕಿದವರು ಯಾರು?"

"ಸಬಾ, ಮೇಲೆ ಅಷ್ಟೊಂದು ದೇವದೂತರಿದ್ದಾರಲ್ಲ, ಅವರು ಏರಿಸಬಾರದೇ?" ಎಂದು ಕೇಳಿದೆ.

ಸಂಜೆಯಿಂದ ಮೊದಲ ಬಾರಿಗೆ ಅವರು ನಕ್ಕದ್ದು ಆಗ. ತಮ್ಮ ಪಾದಗಳನ್ನು ತೋರಿಸಿದರು. ಯೆಹೆಜ್ಕೇಲನು ಬಾಬಿಲೋನಿನ ಕೆಬಾರ್ ನದಿಯ ದಡದಲ್ಲಿ ಕಂಡ ನಾಲ್ಕು ಮುಖದ ಜೀವಿಗಳಿಗೆ ಕಾಲು ನೆಟ್ಟಗಿತ್ತು. ಮಂಡಿ ಮಡಿಸಿ ಹೆಜ್ಜೆ ಹಾಕುವ ಕಾಲಲ್ಲ. ಜೆಕರ್ಯನ ಗ್ರಂಥದಲ್ಲಿ ದೂತರು ನಿಂತಿರುವವರು, ಅವರ ನಡುವೆ ನಡೆದಾಡುವ ಅವಕಾಶ ಮನುಷ್ಯನಿಗೆ. ದೂತನು ಸೃಷ್ಟಿಯಾದ ಮಟ್ಟದಲ್ಲೇ ಕೊನೆಯವರೆಗೂ ಇರುತ್ತಾನೆ, ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಬ್ಬ ದೂತನಿಗೆ ಒಂದೇ ಕೆಲಸ, ಎರಡನೆಯದನ್ನು ಅವನಿಗೆ ಒಪ್ಪಿಸುವಂತಿಲ್ಲ. ಅಬ್ರಹಾಮನ ಗುಡಾರಕ್ಕೆ ಮೂವರು ಬರಬೇಕಾದದ್ದೂ ಅದಕ್ಕೇ: ಮಗು ಹುಟ್ಟುವ ಸುದ್ದಿ ಹೇಳಲು ಒಬ್ಬ, ಅಬ್ರಹಾಮನನ್ನು ಗುಣಪಡಿಸಲು ಒಬ್ಬ, ಸೊದೋಮನ್ನು ಕೆಡವಲು ಒಬ್ಬ. ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಸೂಪು ಕಾಯಿಸಿ, ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವ ನಮ್ಮ ಈ ಕೆಲಸ ಯಾವ ದೂತನಿಗೂ ಸಿಗಲಾರದೆಂದು ನಾನು ಅಂದದ್ದಕ್ಕೆ ಮತ್ತೆ ನಕ್ಕರು.

ಆದರೆ ನಾನು ಇಂದು ಸಭಾಮಂದಿರದಲ್ಲಿ ಹೆಂಗಸರ ಕಡೆಯ ಜಾಲರಿಯಿಂದ ಕಂಡದ್ದನ್ನು ಅವರಿಗೆ ಹೇಳಲಿಲ್ಲ. ಸೆರಾಫಿಯರು ಒಬ್ಬರಿಗೊಬ್ಬರು "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಎಂದು ಕೂಗುವ ಯೆಶಾಯನ ಮಾತು ಬಂದಾಗ, ಗಂಡಸರೆಲ್ಲ ದೂತರಂತೆ ಪಾದಗಳೆರಡನ್ನೂ ಜೋಡಿಸಿ ನಿಂತು ಪ್ರತಿ ಸಲವೂ ತುದಿಗಾಲಲ್ಲಿ ಮೇಲಕ್ಕೇಳುತ್ತಾರೆ. ನಿಲ್ಲಲಾಗದ ಸಬಾ ಗಾಲಿಕುರ್ಚಿಯ ಪಾದಹಲಗೆಯ ಮೇಲೆ ಕಂದು ಬಣ್ಣದ ಚಪ್ಪಲಿಗಳನ್ನು ಒತ್ತಿ ಜೋಡಿಸಿ, ಹಿಮ್ಮಡಿಗಳನ್ನು ಮೂರು ಸಲ ಎತ್ತಿದರು. ಬಲಗಾಲಿನದು ಪೂರ್ತಿ ಮೇಲೇಳಲಿಲ್ಲ.

ನಾನು ಭಾನುವಾರದ ಧರ್ಮಪಾಠದಲ್ಲಿ ಕಲಿತ ಸ್ವರ್ಗಕ್ಕೆ ಮಹಡಿಗಳಿರಲಿಲ್ಲ. ಇವರದು ಏಳು, ತಾಲ್ಮುಡ್‌ನಲ್ಲಿ ಪ್ರತಿಯೊಂದಕ್ಕೂ ಹೆಸರಿದೆ, ಕೆಲಸವಿದೆ. ಎಲ್ಲಕ್ಕಿಂತ ಕೆಳಗಿನದು ಬೆಳಿಗ್ಗೆ ಸರಿದು ಸಂಜೆ ಮುಚ್ಚುವ ಬರಿಯ ಪರದೆ, ಎರಡನೆಯದರಲ್ಲಿ ಸೂರ್ಯಚಂದ್ರರು, ಮೂರನೆಯದರಲ್ಲಿ ನೀತಿವಂತರಿಗಾಗಿ ಮನ್ನಾ ಬೀಸುವ ಬೀಸುಕಲ್ಲುಗಳು, ನಾಲ್ಕನೆಯದರಲ್ಲಿ ಮೇಲಿನ ಜೆರುಸಲೇಮ್, ಅಲ್ಲಿ ಮೀಕಾಯೇಲನು ಬಲಿಪೀಠದ ಮುಂದೆ ನಿಂತಿರುತ್ತಾನೆ. ಐದನೆಯದರಲ್ಲಿರುವ ದೂತರು ರಾತ್ರಿಯಿಡೀ ಹಾಡಿ ಹಗಲು ಸುಮ್ಮನಿರುತ್ತಾರೆ, ಏಕೆಂದರೆ ಹಗಲು ಕೆಳಗಿನವರು ಹಾಡುವ ಹೊತ್ತು. ಆರರಲ್ಲಿ ಹಿಮ ಮತ್ತು ಆಲಿಕಲ್ಲಿನ ಉಗ್ರಾಣ. ಏಳನೆಯದು ಅರಾವೋತ್: ನೀತಿವಂತರ ಆತ್ಮಗಳು, ಇನ್ನೂ ಹುಟ್ಟಬೇಕಾದವರ ಆತ್ಮಗಳು, ಸತ್ತವರನ್ನು ಮುಂದೊಂದು ದಿನ ಎಬ್ಬಿಸಲಿರುವ ಇಬ್ಬನಿ, ಎಲ್ಲವೂ ಅಲ್ಲಿ. ಭೂಮಿಯಿಂದ ಮೊದಲ ಆಕಾಶಕ್ಕೆ 500 ವರ್ಷದ ನಡಿಗೆ. ಪ್ರತಿ ಆಕಾಶದ ದಪ್ಪವೂ ಅಷ್ಟೇ, ನಡುವಿನ ತೆರಪೂ ಅಷ್ಟೇ. ಇಷ್ಟು ದೂರವನ್ನು ಲೆಕ್ಕ ಹಾಕಿದವರೇ, ಹತ್ತು ಜನ ಆಮೆನ್ ಅಂದರೆ ಅಲ್ಲಿಗೆ ಮುಟ್ಟುತ್ತದೆ ಎಂದೂ ನಂಬುತ್ತಾರೆ. ಕೆಳಗಿನ ಬೀದಿಯ ಅಂಗಡಿಗಳಲ್ಲಿ ದೂತರ ಹೆಸರು ಬರೆದ ತಾಯಿತಗಳನ್ನು ಪ್ರವಾಸಿಗರು ಕೊಳ್ಳುವುದನ್ನು ಕಂಡಾಗ ನನಗೆ ಬರುವ ಬೇಸರ ಈ ಮಹಡಿಗಳ ಬಗ್ಗೆ ಬರುವುದಿಲ್ಲ. ಇಲ್ಲಿ ಪ್ರತಿ ನೆಲೆಯಲ್ಲೂ ಯಾರೋ ಯಾರಿಗಾಗಿಯೋ ದುಡಿಯುತ್ತಿದ್ದಾರೆ.

ಅಮ್ಮನ ಫೋನು ಇಂದು ಮಧ್ಯಾಹ್ನವೇ ಬಂದಿತ್ತು. ನವೆಂಬರ್ ನಮ್ಮವರಿಗೆ ಮೃತರ ತಿಂಗಳು, ಅಪ್ಪನ ಆತ್ಮಕ್ಕಾಗಿ ಇಗರ್ಜಿಯಲ್ಲಿ ಪೂಜೆಗೆ ಕೊಟ್ಟಿದ್ದಾರೆ. ಅಪ್ಪ ಹೋದಾಗ ನಾನು ಇಲ್ಲೇ ಇದ್ದೆ. ಅಪ್ಪ ಇಷ್ಟರಲ್ಲಿ ಸ್ವರ್ಗ ಸೇರಿರುತ್ತಾರಮ್ಮ, ಪ್ರತಿ ವರ್ಷ ಯಾಕೆ ಅಂದರೆ, "ಸೇರಿದ್ದರೆ ಒಳ್ಳೆಯದೇ ಆಯಿತು, ಆ ಪೂಜೆ ಯಾರೂ ಇಲ್ಲದ ಇನ್ನೊಂದು ಆತ್ಮಕ್ಕೆ ಸಿಗಲಿ" ಅಂದರು. ಸಬಾ ಅವರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ನಿನ್ನ ಅಮ್ಮ ಇಸ್ಸರ್ಲೆಸ್ ಅವರನ್ನು ಓದಿಲ್ಲ" ಎಂದರು. ಅದು ಹೊಗಳಿಕೆಯೋ ಟೀಕೆಯೋ ತಿಳಿಯಲಿಲ್ಲ.

ಮಲಗಿಸುವ ಮುನ್ನ ಚಹಾಕ್ಕೆ ಎರಡನೆಯ ಚಮಚ ಸಕ್ಕರೆ ಬೇಡವೆಂದು ನಾನು ತಡೆದಾಗ ಮತ್ತೆ ಕಾರೊ ಅವರ ಪ್ರಸ್ತಾಪ ಬಂತು. ಅಷ್ಟು ದೊಡ್ಡ ಧರ್ಮಸಂಹಿತೆಯನ್ನು ಬರೆದ ಆ ಪಂಡಿತರಿಗೆ ರಾತ್ರಿಯ ಹೊತ್ತು ಮೇಲಿನ ಲೋಕದ ಧ್ವನಿಯೊಂದು ಕೇಳಿಸುತ್ತಿತ್ತು. ತಾನು ಮಿಷ್ನಾದ ಆತ್ಮವೆಂದು ಅದು ಹೇಳಿಕೊಳ್ಳುತ್ತಿತ್ತು, ಅವರು ಅದರ ಮಾತುಗಳನ್ನು ದಿನಚರಿಯಂತೆ ಬರೆದಿಟ್ಟರು. ಆರಿ ಅವರ ಶಿಷ್ಯ ವಿತಾಲ್ ಕೂಡ ತಮ್ಮ ಕನಸುಗಳನ್ನು ಹಾಗೆಯೇ ಬರೆದಿಟ್ಟಿದ್ದಾರೆ. ಕಾರೊ ಅವರ ಧ್ವನಿ ದೇವರಹಸ್ಯಗಳನ್ನು ಹೇಳುವುದರ ನಡುವೆ ಊಟ ಹೆಚ್ಚಾಯಿತು, ದ್ರಾಕ್ಷಾರಸ ಹೆಚ್ಚಾಯಿತು ಎಂದು ಗದರಿಸುತ್ತಿತ್ತಂತೆ. "ಅವರಿಗೆ ಮಿಷ್ನಾ, ನನಗೆ ಮಂಗಳೂರು" ಎಂದು ಸಬಾ ಗೊಣಗಿದರು.

ಹೊದಿಕೆ ಸರಿಪಡಿಸುವಾಗ ನಾನೇ ಕೇಳಿದೆ, ಸಾವ್ತಾ ಈಗ ನಿಜವಾಗಿ ಎಲ್ಲಿದ್ದಾರೆ ಎಂದು. ಅವರು ಯೆಹೂದಿ ಅನುಭಾವದ ಗ್ರಂಥವಾದ ಜೋಹರ್ ಹೇಳುವಂತೆ ಮೂರು ಕಡೆ ತೋರಿಸಿದರು. ನೆಶಾಮಾ, ಅಂದರೆ ಆತ್ಮದ ಅತ್ಯುನ್ನತ ಭಾಗ, ತನ್ನ ಮೂಲಕ್ಕೆ ಮರಳಿದೆ. ನಡುವಿನ ರೂಆಖ್ ಕೆಳಗಿನ ಏದೆನ್ ತೋಟದಲ್ಲಿದೆ. ದೇಹಕ್ಕೆ ಅತಿ ಸಮೀಪದ ನೆಫೆಶ್ ಗೋರಿಯ ಬಳಿಯೇ ಉಳಿದಿದೆ. ಮೊದಲ ಎರಡಕ್ಕೆ ತನ್ನಿಂದ ಏನೂ ಮಾಡಲಾಗದು, ಮೂರನೆಯದು ಇಲ್ಲಿಂದ ಗಾಲಿಕುರ್ಚಿಯಲ್ಲಿ ಹೋಗುವಷ್ಟು ದೂರದಲ್ಲಿದೆ ಎಂದರು. ನಾಳೆ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಬೇಕಂತೆ. ಕದ್ದಿಶ್‌ಗೆ ಹತ್ತು ಮಂದಿ ಬೇಕು, ಕೀರ್ತನೆಗೆ ಒಬ್ಬ ಸಾಕು. 119ನೆಯ ಕೀರ್ತನೆಯಲ್ಲಿ ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೂ ಎಂಟೆಂಟು ವಚನಗಳಿವೆ, ಸಾವ್ತಾ ಅವರ ಹೆಸರಿನ ಅಕ್ಷರಗಳನ್ನು ಹಿಡಿದು ಅಷ್ಟನ್ನು ತಾವೇ ಓದುತ್ತಾರಂತೆ. ಇದನ್ನು ಯಾವ ಟಿಪ್ಪಣಿಯೂ ಹನ್ನೊಂದು ತಿಂಗಳಿಗೆ ನಿಲ್ಲಿಸು ಎಂದಿಲ್ಲವಂತೆ.

ಸ್ಮಶಾನದ ದಾರಿ ಇಳಿಜಾರು, ಕೊನೆಯಲ್ಲಿ ಮೆಟ್ಟಿಲುಗಳಿವೆ, ನನ್ನೊಬ್ಬಳಿಂದ ಕುರ್ಚಿ ಇಳಿಸಲಾಗದು. ಮಗನಿಗೆ ಫೋನ್ ಮಾಡಿ ಸಹಾಯ ಕೇಳಿದರೆ ಅವರು ಖಂಡಿತ ಬರುತ್ತಾರೆ, ಆದರೆ ಏಕೆ ಹೋಗಬೇಕೆಂದು ಕೇಳಿದಾಗ ಸಬಾ ಅವರ ಈ ವಾದವನ್ನೆಲ್ಲ ನಾನು ಹೇಳಬೇಕೋ, ಅಥವಾ ಸುಮ್ಮನೆ ಬಿಸಿಲಿಗೆ ಕರೆದೊಯ್ಯುತ್ತಿದ್ದೇನೆ ಎಂದು ಬಿಡಬೇಕೋ. ಹನ್ನೊಂದು ತಿಂಗಳು ಒಂದು ಹೊತ್ತೂ ತಪ್ಪಿಸದೆ ಹೇಳಿದ ಮಗನಿಗೆ, ಅಪ್ಪನಿಗೆ ಅದು ಸಾಲಲಿಲ್ಲ ಎಂದು ಕೇಳಿಸಿದರೆ